ಸ್ಕ್ಯಾನ್‌ಗಳು ಕೂಡಿದರೂ ವೈದ್ಯರ ಕಣ್ಣು ಬೇಕು

‘ಮೊನ್ನೆಯಷ್ಟೇ ಸಿ.ಟಿ. ಸ್ಕ್ಯಾನ್ ಆಗಿದೆ. ಈಗ ಎಂ.ಆರ್.ಐ. ಕೂಡ ಬೇಕಂತೆ. ಇದೆಲ್ಲ ದುಡ್ಡು ಕೀಳುವ ದಾರಿಯಲ್ಲವೇ ಡಾಕ್ಟ್ರೇ?’ ನನ್ನ ಬಳಿ ಬರುವ ಅನೇಕರು ಕೇಳುವ ಪ್ರಶ್ನೆಯಿದು. ಅನುಮಾನ ಸಹಜವೇ. ಆದರೆ ಎಲ್ಲ ಸಲವೂ ಅದು ಸರಿಯಲ್ಲ.

ಸಿ.ಟಿ. ಎಂಬುದು ಕ್ಷ-ಕಿರಣದಿಂದ ತೆಗೆಯುವ ಚಿತ್ರ. ಮೂಳೆ ಅದರಲ್ಲಿ ಸ್ಪಷ್ಟ. ಎಂ.ಆರ್.ಐ. ಕಾಂತಶಕ್ತಿಯ ನೆರವಿನಿಂದ ಮೆದುಳು, ನರ, ಸ್ನಾಯುಗಳಂಥ ಮೃದು ಭಾಗಗಳನ್ನು ತೋರಿಸುತ್ತದೆ. ಪೆಟ್ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಸಕ್ಕರೆಯನ್ನು ಹೋಲುವ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಚುಚ್ಚಿ, ಯಾವ ಭಾಗ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ ಎಂದು ನೋಡುತ್ತಾರೆ. ಒಂದರ ಕೆಲಸವನ್ನು ಇನ್ನೊಂದು ಪೂರ್ತಿ ಮಾಡಲಾರದು.

ಮೆದುಳಿನ ಗೆಡ್ಡೆಗೆ ವಿಕಿರಣ ಚಿಕಿತ್ಸೆ ಕೊಡಬೇಕಾಗಿದೆ ಎನ್ನಿ. ಗೆಡ್ಡೆಯ ಅಂಚು ಚೆನ್ನಾಗಿ ಕಾಣುವುದು ಎಂ.ಆರ್.ಐ.ನಲ್ಲಿ. ಕಿರಣದ ಪ್ರಮಾಣವನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಸಿ.ಟಿ. ಆಧಾರದ ಮೇಲೆ. ಎರಡನ್ನೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಬೇಕು. ಕೆಲವೇ ಮಿಲಿಮೀಟರ್ ತಪ್ಪಿದರೂ ಕಿರಣ ಆರೋಗ್ಯವಾಗಿರುವ ಮೆದುಳಿಗೆ ತಾಗಬಹುದು.

ಹಿಂದೆ ವೈದ್ಯರು ಫಿಲ್ಮ್‌ಗಳನ್ನು ಅಕ್ಕಪಕ್ಕ ಇಟ್ಟು ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಿದ್ದರು. ಈಗ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಅದು ಸುಲಭವೇನಲ್ಲ. ಸಿ.ಟಿ.ಯಲ್ಲಿ ಬೆಳ್ಳಗಿರುವ ತಲೆಬುರುಡೆಯ ಗಟ್ಟಿ ಮೂಳೆ ಎಂ.ಆರ್.ಐ.ನಲ್ಲಿ ಕಪ್ಪು! ಬಿಳಿಗೆ ಬಿಳಿ ಹೊಂದಿಸಹೊರಟರೆ ಕೆಟ್ಟಿತು. 1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಪಾಲ್ ವಯೋಲಾ ಮತ್ತು ವಿಲಿಯಂ ವೆಲ್ಸ್ ಇದಕ್ಕೊಂದು ಉಪಾಯ ಕಂಡುಕೊಂಡರು. ಬೆಲ್ಜಿಯಂನ ಲೂವೆನ್ ನಗರದ ತಂಡವೊಂದು ಸ್ವತಂತ್ರವಾಗಿ ಅದೇ ಉಪಾಯಕ್ಕೆ ಬಂದಿತು. ‘ಇಲ್ಲಿ ಬಿಳಿಯಿದ್ದಲ್ಲಿ ಅಲ್ಲಿ ಕಪ್ಪು’ ಎಂಬಂಥ ಸಂಬಂಧ ಅತ್ಯಂತ ಗಟ್ಟಿಯಾಗುವವರೆಗೆ ಕಂಪ್ಯೂಟರ್ ಒಂದು ಚಿತ್ರವನ್ನು ಸರಿಸುತ್ತ, ತಿರುಗಿಸುತ್ತ ಹೋಗುತ್ತದೆ. 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪೆಟ್ ಮತ್ತು ಸಿ.ಟಿ. ಎರಡನ್ನೂ ಒಂದೇ ಯಂತ್ರದಲ್ಲಿ ಅಳವಡಿಸಿ ರೋಗಿಗಳ ಪರೀಕ್ಷೆ ಆರಂಭವಾಯಿತು.

ಇಷ್ಟಾದರೂ ತಪ್ಪು ನುಸುಳುತ್ತದೆ. ತಲೆಬುರುಡೆ ಗಟ್ಟಿ, ಅದರೊಳಗಿನ ಚಿತ್ರ ಚೆನ್ನಾಗಿ ಹೊಂದುತ್ತದೆ. ಎದೆ, ಹೊಟ್ಟೆ ಹಾಗಲ್ಲ. ಸಿ.ಟಿ. ಕೆಲವು ಸೆಕೆಂಡಿನ ಕೆಲಸ. ಪೆಟ್‌ಗೆ ಹಲವು ನಿಮಿಷ ಬೇಕು. ಅಷ್ಟರಲ್ಲಿ ರೋಗಿ ಎಷ್ಟೋ ಸಲ ಉಸಿರಾಡಿರುತ್ತಾರೆ. ಇದರಿಂದ ಯಕೃತ್ತಿನ ಮೇಲ್ಭಾಗದ ಗಂಟು ಶ್ವಾಸಕೋಶದ ಬುಡದಲ್ಲಿದ್ದಂತೆ ತೋರಬಹುದು. ರೋಗ ಇನ್ನೊಂದು ಅಂಗಕ್ಕೆ ಹರಡಿದೆ ಎಂದುಕೊಂಡರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ. ಇನ್ನೊಂದು ಮಾತು: ಪೆಟ್‌ನಲ್ಲಿ ಹೊಳೆಯುವುದೆಲ್ಲ ಕ್ಯಾನ್ಸರ್ ಅಲ್ಲ. ನಮ್ಮಲ್ಲಿ ಸಾಮಾನ್ಯವಾದ ಕ್ಷಯದ ಗಂಟೂ ಹೊಳೆಯುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಕೂಡಿಸಿದ ಚಿತ್ರ ದಾರಿ ತೋರಿಸಲಿ, ತೀರ್ಪು ಕೊಡುವುದು ಬೇಡ. ಬಣ್ಣದ ಚಿತ್ರ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ತಜ್ಞರು ಮೂಲ ಚಿತ್ರಗಳನ್ನು ಬೇರೆಬೇರೆಯಾಗಿಯೂ ನೋಡಬೇಕು. ಅಗತ್ಯವಿದ್ದರೆ ಗಂಟಿನ ಚೂರು ತೆಗೆದು ಪರೀಕ್ಷಿಸಬೇಕು.

ನೀವು ಮಾಡಬೇಕಾದದ್ದೂ ಇದೆ. ಹಳೆಯ ಸ್ಕ್ಯಾನ್‌ಗಳ ವರದಿ, ಫಿಲ್ಮ್ ಮಾತ್ರವಲ್ಲ, ಸಿ.ಡಿ.ಯನ್ನೂ ಕೇಳಿ ಪಡೆದು ಜೋಪಾನವಾಗಿಡಿ. ಕಂಪ್ಯೂಟರಿಗೆ ಬೇಕಾಗುವುದು ಅದೇ. ಹೊಸ ಸ್ಕ್ಯಾನ್ ಬರೆದುಕೊಟ್ಟಾಗ, ‘ಹಳೆಯದರ ಜೊತೆ ಹೊಂದಿಸಿ ನೋಡಲು ಆಗುತ್ತದೆಯೇ? ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಎಂದು ಸಂಕೋಚವಿಲ್ಲದೆ ಕೇಳಿ. ಯಂತ್ರದೊಳಗೆ ಮಲಗಿದಾಗ ಅಲುಗಾಡಬೇಡಿ. ಉಸಿರಾಟದ ಬಗ್ಗೆ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ.

ಎರಡನೆಯ ಸ್ಕ್ಯಾನ್ ಬೇಕೇ ಎಂಬ ಪ್ರಶ್ನೆಗೆ ಕಾರಣ ತಿಳಿಸಿ ಉತ್ತರಿಸುವುದು ವೈದ್ಯರ ಕರ್ತವ್ಯ. ಆ ಉತ್ತರ ಸಿಕ್ಕಿದ ಮೇಲೆ ಅನುಮಾನದಿಂದ ತಡಮಾಡುವುದು ಮಾತ್ರ ಬೇಡ.