ಎಫ್/22 ಎಂಬ ಮೋಹ

ಮಳೆ ಬಿದ್ದ ಮಾರನೇ ದಿನ ನಮ್ಮ ಫೋಟೋಗ್ರಫಿ ಗ್ರೂಪ್‌ನಲ್ಲಿ ಕೀಟಗಳದ್ದೇ ಜಾತ್ರೆ. ಮೇಟಗಳ್ಳಿ ಕಡೆಯ ಖಾಲಿ ಸೈಟಲ್ಲಿ ಒಂದು ಎಕ್ಕದ ಗಿಡ ಇದ್ರೆ ಸಾಕು, ಪ್ಲೇನ್ ಟೈಗರ್ ಚಿಟ್ಟೆಯ ಹುಳ ಹುಡುಕಿದ್ರೆ ಸಿಗುತ್ತೆ. ಆದ್ರೆ ಮುಕ್ಕಾಲು ಪಾಲು ಫೋಟೋ ಮಬ್ಬು. ಕೇಳಿದ್ರೆ, "ಎಫ್/22 ಇಟ್ಟಿದ್ದೆ ಗುರು, ಆದ್ರೂ ಶಾರ್ಪ್ ಬರ್ಲಿಲ್ಲ" ಅಂತಾರೆ. ಎಫ್/22 ಇಟ್ಟಿದ್ದಕ್ಕೇ ಬರಲಿಲ್ಲ ಅನ್ನೋದು ನನ್ನ ವಾದ.

ಲೆಕ್ಕ ನೋಡಿ. ಕೀಟ ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡಿದರೆ ಮ್ಯಾಗ್ನಿಫಿಕೇಶನ್ 1. ಆಗ ಎಫ್ ಸಂಖ್ಯೆ ಸುಮಾರು ಎರಡರಷ್ಟಾಗುತ್ತೆ: ಎಫ್/22 ಹೋಗಿ ಎಫ್/44. ಅಷ್ಟು ಸಣ್ಣ ತೂತಲ್ಲಿ ಬೆಳಕು ಹರಡಿಕೊಳ್ಳುತ್ತೆ. ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಉರು ಹೊಡೆದ ಡಿಫ್ರಾಕ್ಷನ್ ಇದೇ ಕಣ್ರೀ!

ಹೊಸಬರು ಮ್ಯಾನುಯಲ್ ಮೋಡ್‌ನಲ್ಲಿ ಹೀಗೆ ಶುರು ಮಾಡಿ: ಎಫ್/8ರಿಂದ ಎಫ್/11, ಶಟರ್ 1/200, ಐಎಸ್ಒ 200 ಅಥವಾ 400, ಫ್ಲಾಶ್ ಪವರ್ 1/8 ಅಥವಾ 1/16. ಫ್ಲಾಶ್ ಮಿಂಚುವ ಹೊತ್ತು ಶಟರ್‌ಗಿಂತ ತುಂಬಾ ಕಮ್ಮಿ, ಹಾಗಾಗಿ ಕೈ ನಡುಗಿದರೂ ಚಿತ್ರ ನಿಲ್ಲುತ್ತೆ. ಫ್ಲಾಶ್ ಮುಂದೆ ಟಿಶ್ಯೂ ಪೇಪರ್ ಅಂಟಿಸಿ, ಇಲ್ಲಾಂದ್ರೆ ಜೀರುಂಡೆ ಬೆನ್ನಲ್ಲಿ ಬರೀ ಬಿಳಿ ಚುಕ್ಕೆ ಕಾಣುತ್ತೆ. ಎಫ್/11ರಲ್ಲೂ ಫೋಕಸ್ ಸಿಗುವ ಆಳ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಆಟೋಫೋಕಸ್ ಆಫ್ ಮಾಡಿ, ಮೈಯನ್ನೇ ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಕಣ್ಣು ಸ್ಪಷ್ಟವಾದ ಕ್ಷಣ ಕ್ಲಿಕ್ ಮಾಡಿ. ಹತ್ತಕ್ಕೆ ಒಂಬತ್ತು ಹಾಳಾದರೆ ಬೇಜಾರಾಗಬೇಡಿ, ಎಲ್ಲರದ್ದೂ ಅಷ್ಟೇ.

ಈ ತಾಳ್ಮೆ ಇಲ್ಲದವರು ಹಿಡಿಯೋ ಅಡ್ಡದಾರಿ ಒಂದಿದೆ: ಕೀಟಾನ ಡಬ್ಬಿಗೆ ಹಾಕಿ ಫ್ರಿಡ್ಜಲ್ಲಿಟ್ಟು, ಮರಗಟ್ಟಿದ ಮೇಲೆ ಎಲೆ ಮೇಲೆ ಕೂರಿಸೋದು. ಫೋಟೋ ಚೆನ್ನಾಗೇ ಬರುತ್ತೆ, ಆದ್ರೆ ಅದು ಸುಳ್ಳು ಫೋಟೋ. ತಣ್ಣಗಾದ ಕೀಟವೇ ಬೇಕಾ? ಬೆಳಿಗ್ಗೆ ಆರೂವರೆಗೆ ಎದ್ದು ಬನ್ನಿ. ಬಿಸಿಲು ಏರುವವರೆಗೆ ಅವುಗಳ ಮೈ ಕಾದಿರಲ್ಲ. ಏರೋಪ್ಲೇನ್ ಚಿಟ್ಟೆ ಕೂಡ ಇಬ್ಬನಿ ಹೊತ್ತು ಕಡ್ಡಿ ಮೇಲೆ ಸುಮ್ಮನೆ ಕೂತಿರುತ್ತೆ.

ಅದಕ್ಕೇ ನನ್ನದೊಂದು ಬೇಡಿಕೆ. ಮುಂದಿನ ಫೆಸ್ಟ್‌ನ ಫೋಟೋ ಸ್ಪರ್ಧೆಯಲ್ಲಿ ಪ್ರತಿ ಕೀಟದ ಚಿತ್ರದ ಜೊತೆ ಜಾಗ, ಹೊತ್ತು, ಸೆಟ್ಟಿಂಗ್ ಬರೆಯೋದು ಕಡ್ಡಾಯವಾಗಲಿ. ಮೀಸೆ ಔಟ್ ಆಫ್ ಫೋಕಸ್ ಆದ್ರೂ ಪರವಾಗಿಲ್ಲ, ಇರುವೆ ತನ್ನ ಪಾಡಿಗೆ ತಾನು ಮನೆಗೆ ಹೋಗಿರಬೇಕು.