ಎಲುಬಿನೊಳಗಿನ ಉಂಗುರಗಳು

ಎಲುಬೆಂದರೆ ಒಣಗಿದ ಕಲ್ಲು ಎಂದೇ ಹಲವರ ಭಾವನೆ. ಮಣಿಪಾಲದ ಅಂಗರಚನಾ ಮ್ಯೂಸಿಯಂನಲ್ಲಿ ಅಸ್ಥಿಪಂಜರ ನೋಡಿದವರಿಗೂ ಹಾಗನಿಸೀತು. ಆದರೆ ಎಲುಬಿನ ತೆಳು ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ, ರಕ್ತನಾಳದ ದಾರಿಯ ಸುತ್ತ ಮರದ ಕಾಂಡದಂತೆ ಉಂಗುರಗಳು ಕಾಣುತ್ತವೆ. ಕೆಲವು ಜೀವಕೋಶಗಳು ಹಳೆಯದನ್ನು ಕರಗಿಸುತ್ತವೆ, ಬೇರೆಯವು ಹೊಸದನ್ನು ಕಟ್ಟುತ್ತವೆ. ವಯಸ್ಸಾದಂತೆ ಅರೆಬರೆ ಉಳಿದ ಹಳೆಯ ಉಂಗುರಗಳ ತುಣುಕುಗಳು ಹೆಚ್ಚುತ್ತವೆ. ಇವನ್ನೆಣಿಸಿ ಮೃತರ ವಯಸ್ಸು ಅಂದಾಜಿಸುವ ವಿಧಾನವನ್ನು 1965ರಲ್ಲಿ ಅಮೆರಿಕದ ಎಲ್ಲಿಸ್ ಕೆರ್ಲಿ ಪ್ರಕಟಿಸಿದರು.

ಮುಟ್ಟು ನಿಂತ ಬಳಿಕ ಈಸ್ಟ್ರೋಜನ್ ಇಳಿದು, ಕರಗಿಸುವ ಕೆಲಸವೇ ಮೇಲುಗೈಯಾಗುತ್ತದೆ. ನೋವಿರುವುದಿಲ್ಲ, ಬಚ್ಚಲಲ್ಲಿ ಜಾರಿ ಬಿದ್ದಾಗಷ್ಟೇ ಗೊತ್ತಾಗುವುದು. ಸಹೋದರಿಯರೇ, ಅತ್ತೆಯ ಬೆನ್ನು ಗೂನಾದರೆ 'ವಯಸ್ಸಾಯಿತಲ್ಲ' ಎಂದು ಬಿಡದೆ ವೈದ್ಯರಿಗೆ ತೋರಿಸಿ. ಕಾಪುವಿನ ಕಡಲಿನ ಕೊಲ್ಲತರುವನ್ನು ಮುಳ್ಳು ಸಹಿತ ತಿಂದರೆ ಒಳ್ಳೆಯ ಸುಣ್ಣದಂಶ ಸಿಗುತ್ತದೆ. ಮೀನನ್ನೆಲ್ಲ ಗಂಡಸರಿಗೆ ಬಡಿಸಿ, ಸಾರಿನಲ್ಲೇ ಊಟ ಮುಗಿಸುವವರು ನಮ್ಮಲ್ಲಿ ಬಹಳ.