ಲ್ಯಾಬ್ ಮಾತು – 4: ಸೋತಿದ್ದು ಅವಳಾ, ಡಬ್ಬಿಯಾ?

ಶಿಕಾರಿಪುರ, ಸೊರಬ ಕಡೆ ಮದುವೆಯಾಗಿ ಎರಡು ವರ್ಷ ಆದ್ರೆ ಸಾಕು, "ಇನ್ನೂ ಏನೂ ವಿಶೇಷ ಇಲ್ವಾ?" ಶುರು. ಒಡವೆ ಅಡ ಇಟ್ಟು ಐವಿಎಫ್ ಮಾಡಿಸಿ, ಅದೂ ಕೈಕೊಟ್ರೆ ತೀರ್ಪು ರೆಡಿ: "ಅವಳ ಹೊಟ್ಟೇಲಿ ನಿಲ್ಲಲಿಲ್ಲ."

ನನ್ನ ಜಗಳ ಈ ಮಾತಿನ ಜೊತೆ.

ಐವಿಎಫ್‌ನಲ್ಲಿ ಭ್ರೂಣ ಮೊದಲ 3ರಿಂದ 5 ದಿನ ಅವಳ ಹೊಟ್ಟೇಲಿ ಇರೋದೇ ಇಲ್ಲ! ಇರೋದು ಇನ್‌ಕ್ಯುಬೇಟರ್ ಅನ್ನೋ ಡಬ್ಬಿಯಲ್ಲಿ. ಆ ಡಬ್ಬಿ ಹೇಗಿರಬೇಕು ಗೊತ್ತಾ?

🔸 ಉಷ್ಣತೆ 37 ಡಿಗ್ರಿ ಆಸುಪಾಸು. ಬಾಗಿಲು ಪದೇ ಪದೇ ತೆಗೆದ್ರೆ ಶಾಖವೂ ಹೋಯ್ತು, ಗ್ಯಾಸೂ ಹೋಯ್ತು.

🔸 ಕಾರ್ಬನ್ ಡೈಆಕ್ಸೈಡ್ ಸುಮಾರು 5–6%. ಭ್ರೂಣ ಬೆಳೆಯೋ ದ್ರವದ ಪಿಎಚ್ 7.2–7.4ರಲ್ಲಿ ನಿಲ್ಲೋದು ಇದರಿಂದಲೇ.

🔸 ಆಕ್ಸಿಜನ್ 5%. ನಾವು ಉಸಿರಾಡೋ ಗಾಳೀಲಿ 21% ಇದೆ, ಹೆಣ್ಣಿನ ದೇಹದೊಳಗೆ ಅದಕ್ಕಿಂತ ತುಂಬಾ ಕಮ್ಮಿ. ಇಳಿಸೋಕೆ ನೈಟ್ರೋಜನ್ ಬೇಕು, ಅಂದ್ರೆ ಖರ್ಚು.

🔸 ಶುದ್ಧ ಗಾಳಿ. ಪೇಂಟ್, ಫಿನಾಯಿಲ್, ಸೆಂಟ್, ಅಗರಬತ್ತಿ ಯಾವುದರ ವಾಸನೆಯೂ ಬರಬಾರದು. ಹೆಪಾ ಫಿಲ್ಟರ್ ಧೂಳು ಹಿಡಿಯುತ್ತೆ, ಆವಿ ಹಿಡಿಯಲ್ಲ. ಅದಕ್ಕೆ ಕಾರ್ಬನ್ ಫಿಲ್ಟರೇ ಬೇಕು. ವಿಷ ಸೋಸೋಕೆ ಭ್ರೂಣಕ್ಕೆ ಲಿವರ್ ಇಲ್ಲ ಕಣ್ರೋ.

🔸 ಕರೆಂಟ್. ಮಲೆನಾಡಿನ ಮಳೆಗಾಲ ನಮಗೆ ಹೊಸದಲ್ಲ. ಯುಪಿಎಸ್, ಜನರೇಟರ್, ರಾತ್ರಿ ಹೊಡ್ಕೊಳ್ಳೋ ಅಲಾರಂ ಇಲ್ದೆ ಲ್ಯಾಬ್ ನಡೆಸೋದು ಜೂಜು.

ಎಲ್ಲಾ ಸೋಲೂ ಲ್ಯಾಬಿನ ತಪ್ಪು ಅಂತ ಹೇಳ್ತಿಲ್ಲ. ಅಂಡದ ವಯಸ್ಸು, ಕ್ರೋಮೋಸೋಮ್ ದೋಷ, ಗಂಡನ ವೀರ್ಯ, ಕಾರಣ ನೂರಿವೆ. ಎಲ್ಲಾ ಸರಿಯಿದ್ರೂ ಸೋಲಬಹುದು. ಆದ್ರೆ ಆ ನೂರರಲ್ಲಿ ಒಂದೇ ಒಂದನ್ನ, ಅವಳನ್ನ, ಆರಿಸಿ ಬೈಯೋದು ಯಾವ ನ್ಯಾಯ?

ಜಾಹೀರಾತು ನೋಡಿ. ನಗೋ ಮಗು, ದೊಡ್ಡ ಪರ್ಸೆಂಟೇಜು, ಇಎಂಐ ಸೌಲಭ್ಯ. ಲ್ಯಾಬ್ ಬಗ್ಗೆ ಒಂದು ಸಾಲಿಲ್ಲ. ಗೆದ್ರೆ ಕ್ಲಿನಿಕ್ ಹೆಸರು, ಸೋತ್ರೆ ಅವಳ ಹಣೆಬರಹ!

2021ರ ಎಆರ್‌ಟಿ ಕಾಯ್ದೆ ಪ್ರಕಾರ ಕ್ಲಿನಿಕ್ ನೋಂದಣಿ ಕಡ್ಡಾಯ. ಯಶಸ್ಸಿನ ಸಾಧ್ಯತೆ, ಖರ್ಚು, ಅಪಾಯ ದಂಪತಿಗೆ ತಿಳಿಸೋದು ಅವರ ಕರ್ತವ್ಯ, ಉಪಕಾರ ಅಲ್ಲ.

ಆದ್ದರಿಂದ ಅಕ್ಕ-ಭಾವ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೊರಟಾಗ ಈ ಪ್ರಶ್ನೆ ಬರೆದುಕೊಡಿ: ನೋಂದಣಿ ಸಂಖ್ಯೆ ಎಷ್ಟು? ಎಂಬ್ರಿಯಾಲಜಿಸ್ಟ್ ಇಲ್ಲೇ ಇರ್ತಾರಾ, ಬಂದು ಹೋಗೋರಾ? ಆಕ್ಸಿಜನ್ ಎಷ್ಟಿಡ್ತೀರಿ? ಕರೆಂಟ್ ಹೋದ್ರೆ ಏನು ಗತಿ?

ಉತ್ತರ ಕೊಡೋಕೆ ಮುಖ ಸಿಂಡರಿಸಿದ್ರೆ, ಎದ್ದು ಬನ್ನಿ.

ಮತ್ತೆ ಯಾರಾದ್ರೂ "ಅವಳ ಹೊಟ್ಟೇಲಿ ನಿಲ್ಲಲಿಲ್ಲ" ಅಂದ್ರೆ, ಈ ಪೋಸ್ಟ್ ಕಳಿಸಿ. 👇

ಭಾಗ 5: ಫ್ರೀಜ್ ಮಾಡಿದ ಭ್ರೂಣ

#ಲ್ಯಾಬ್‌ಮಾತು #ಶಿಕಾರಿಪುರ #ಸೊರಬ #ಕನ್ನಡದಲ್ಲಿವಿಜ್ಞಾನ